ಆಂಧ್ರದ ಬಸ್ಸಿಗೆ ಎತ್ತಿದ ಆರತಿ

ಇದು ಕಳೆದ ವರ್ಷದ ಆಯುಧಪೂಜೆಯ ದಿನ ನಡೆದದ್ದು. ಈಗಲೂ ನಮ್ಮ ಬೀದಿಯಲ್ಲಿ ಯಾರಾದರೂ ಆ ದಿನದ ಮಾತೆತ್ತಿದರೆ ಸಾಕು, ಒಬ್ಬರು ಶುರುಮಾಡಿ ಇನ್ನೊಬ್ಬರು ಮುಗಿಸುವಷ್ಟರಲ್ಲಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿರುತ್ತೇವೆ. ನಗುವುದರಲ್ಲಿ ನಾನೇನೂ ಹಿಂದೆ ಬಿದ್ದವಳಲ್ಲ. ಆದರೆ ಕೊನೆಗೆ ಕಣ್ಣೊರೆಸಿಕೊಳ್ಳುವವಳೂ ನಾನೇ. ಯಾಕೆಂದು ಹೇಳಬೇಕಾದರೆ ನಾನು ಬೀದಿಯ ಪ್ರತಿನಿಧಿಯಾದ ಕಥೆಯಿಂದ ಶುರುಮಾಡಬೇಕು.

ಮುಳಬಾಗಿಲಿನಿಂದ ಕೋಲಾರದ ಕಡೆಗೆ ಹೊರಟರೆ ಊರು ದಾಟಿದ ಮೇಲೆ ಹೈವೇ ಪಕ್ಕದಲ್ಲಿ ಒಂದು ಸಣ್ಣ ಬಡಾವಣೆ ಸಿಗುತ್ತದೆ. ಅದೇ ನಮ್ಮದು. ಸುತ್ತಮುತ್ತಲ ಹಳ್ಳಿಗಳಿಂದ ಬಂದು ಸೈಟು ಕೊಂಡು ಮನೆ ಕಟ್ಟಿಕೊಂಡವರೇ ಇಲ್ಲಿ ಹೆಚ್ಚು. ಮನೆಯೊಳಗೆ ತೆಲುಗು, ಬೀದಿಗೆ ಬಂದರೆ ಕನ್ನಡ, ಜಗಳಕ್ಕೆ ನಿಂತರೆ ಎರಡೂ. ನಾನು ಮನೆಯಲ್ಲೇ ಬ್ಲೌಸು ಹೊಲಿಯುವವಳು. ಹೀಗಾಗಿ ಎಲ್ಲರ ಮನೆಯ ಸುದ್ದಿಯೂ ಅಳತೆಯ ಟೇಪಿನ ಜೊತೆಗೇ ನನ್ನ ಕೈಗೆ ಬಂದುಬಿಡುತ್ತದೆ.

ಬೀದಿ ದೀಪಕ್ಕೆ, ನೀರಿಗೆ, ಚರಂಡಿಗೆ ಎಂದು ಆಫೀಸುಗಳಿಗೆ ಓಡಾಡಲು ನಮ್ಮ ನಿವಾಸಿಗಳ ಸಂಘಕ್ಕೆ ಒಬ್ಬ ಪ್ರತಿನಿಧಿ ಬೇಕಾಗಿತ್ತು. ಸಂಬಳವಿಲ್ಲದ ಕೆಲಸ, ಬೈಗುಳ ಮಾತ್ರ ಧಾರಾಳ. ಒಂದು ಭಾನುವಾರ ನಮ್ಮ ಮನೆಯ ಮುಂದೆಯೇ ಸಭೆ ಸೇರಿತು. ಗಂಡಸರೆಲ್ಲ ಒಬ್ಬರ ಮುಖ ಒಬ್ಬರು ನೋಡುತ್ತಾ ಕೂತರು. ಒಬ್ಬರಿಗೆ ಶಿಫ್ಟು, ಒಬ್ಬರಿಗೆ ತೋಟ, ಒಬ್ಬರಿಗೆ ಮಂಡಿನೋವು. ಇನ್ನು ಈ ಮಾತು ಮುಗಿಯುವುದಿಲ್ಲವೆಂದು ನಾನು ಟೀ ಮಾಡಲು ಒಳಗೆ ಹೋದೆ. ಟ್ರೇ ಹಿಡಿದು ಹೊರಗೆ ಬಂದಾಗ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಟೀಗೆ ಇಷ್ಟೊಂದು ಮರ್ಯಾದೆಯಾ ಎಂದುಕೊಂಡೆ.

"ಟೀಗಲ್ಲ ಭಾಗ್ಯಕ್ಕ, ನಿಮ್ಗೇ" ಎಂದು ಎದುರು ಮನೆಯ ಸೀನಪ್ಪ ನಕ್ಕ. "ನೀವೇ ನಮ್ ಪ್ರತಿನಿಧಿ. ನಿಮ್ಮಷ್ಟು ಗಟ್ಟಿ ಗಂಟ್ಲು ಈ ಬೀದೀಲಿ ಇನ್ಯಾರ್ಗಿದೆ ಹೇಳಿ?"

ನನಗೆ ಕೋಪ ಬಂತು. ಆದರೆ ಕೈಯಲ್ಲಿ ಟ್ರೇ ಹಿಡಿದುಕೊಂಡು ಕೋಪ ಮಾಡಿಕೊಳ್ಳುವುದು ಕಷ್ಟ. ನನ್ನ ಯಜಮಾನರು ಆಚೆ ತಿರುಗಿ ನಗುತ್ತಿದ್ದರು. ಅಂತೂ ಪ್ರತಿನಿಧಿಯಾದೆ.

ಮೊದಮೊದಲು ಎಲ್ಲ ಸುಸೂತ್ರವಾಗಿಯೇ ನಡೆಯಿತು. ಬೀದಿ ದೀಪ ಬಂತು. ನೀರು ಬಿಡುವ ಹೊತ್ತನ್ನು ಮೊದಲೇ ತಿಳಿಸುವ ಹಾಗಾಯಿತು. ನನಗೂ ಸ್ವಲ್ಪ ಜಂಬ ಬಂದಿತ್ತೆಂದು ಕಾಣುತ್ತದೆ. ಆ ಹೊತ್ತಿಗೆ ಸೀನಪ್ಪನ ಮಗಳು ಲಾವಣ್ಯ ಒಂದು ದಿನ ನಮ್ಮ ಮನೆಗೆ ಬಂದು ಹೊಲಿಗೆ ಮೆಷಿನ್ನಿನ ಪಕ್ಕದಲ್ಲಿ ಕೂತು ಅಳಲು ಶುರುಮಾಡಿದಳು.

ಅವಳು ಪಿಯುಸಿ ಮುಗಿಸಿ ಕೋಲಾರದ ಕಾಲೇಜಿನಲ್ಲಿ ಬಿ.ಎಸ್ಸಿ.ಗೆ ಸೇರಿದ್ದಳು. ನಮ್ಮ ಬೀದಿಯಿಂದ ಡಿಗ್ರಿ ಮೆಟ್ಟಿಲು ಹತ್ತಿದ ಮೊದಲ ಹುಡುಗಿ ಅವಳೇ. ಕಷ್ಟ ಇದ್ದದ್ದು ಬಸ್ಸಿನದು. ಕೋಲಾರಕ್ಕೆ ಹೋಗುವ ಬಸ್ಸುಗಳೆಲ್ಲ ನಮ್ಮ ಬಡಾವಣೆಯ ಮುಂದೆಯೇ ಹಾದುಹೋಗುತ್ತವೆ, ಆದರೆ ಇಲ್ಲಿ ನಿಲ್ದಾಣವಿಲ್ಲ. ಹತ್ತಬೇಕೆಂದರೆ ಹೈವೇ ಪಕ್ಕದಲ್ಲಿ ನಡೆದುಕೊಂಡು ಹಿಂದಕ್ಕೆ ಮುಳಬಾಗಿಲಿನ ಸ್ಟ್ಯಾಂಡಿಗೇ ಹೋಗಬೇಕು. ಶೇರ್ ಆಟೋ ತುಂಬುವ ತನಕ ಹೊರಡುವುದಿಲ್ಲ. ಸಂಜೆಯೂ ಅದೇ ಪಾಡು. ಹಿಂದಿನ ದಿನ ಕತ್ತಲಾಗುವ ಹೊತ್ತಿಗೆ ನಡೆದು ಬರುವಾಗ ಒಂದು ಲಾರಿ ಎಷ್ಟು ಹತ್ತಿರದಲ್ಲಿ ಹಾದುಹೋಯಿತೆಂದರೆ ಅವಳು ಚರಂಡಿಗೆ ಬಿದ್ದು ಕೈ ತರಚಿಕೊಂಡಿದ್ದಳು.

"ಅಪ್ಪ ಇನ್ಮೇಲೆ ಕಾಲೇಜು ಬೇಡ ಅಂತೈತೆ ಆಂಟಿ. ದಸರಾ ರಜಾ ಮುಗಿದ ಮೇಲೆ ಫ್ಯಾಕ್ಟರಿ ವ್ಯಾನು ಹತ್ತು ಅಂತೈತೆ" ಎಂದಳು.

ಮಾಲೂರು ಕಡೆಯ ಒಂದು ಫ್ಯಾಕ್ಟರಿಯ ವ್ಯಾನು ದಿನಾ ಬೆಳಿಗ್ಗೆ ನಮ್ಮ ಬೀದಿಯ ತುದಿಗೇ ಬಂದು ಹುಡುಗಿಯರನ್ನು ಹತ್ತಿಸಿಕೊಂಡು ಹೋಗುತ್ತದೆ, ಸಂಜೆ ಅಲ್ಲಿಯೇ ಇಳಿಸುತ್ತದೆ. ಆ ಕೆಲಸ ಕೀಳೆಂದು ನಾನು ಹೇಳುವುದಿಲ್ಲ. ಅಲ್ಲಿ ದುಡಿದು ಮನೆಗೆ ಹೆಗಲು ಕೊಟ್ಟ ಹುಡುಗಿಯರು ನಮ್ಮ ಬೀದಿಯಲ್ಲೇ ಇದ್ದಾರೆ. ಆದರೆ ಲಾವಣ್ಯಳಿಗೆ ಓದಬೇಕಿತ್ತು. ಟೀಚರ್ ಆಗಬೇಕೆಂಬುದು ಅವಳು ಲಂಗ ಹಾಕುತ್ತಿದ್ದ ಕಾಲದಿಂದಲೂ ಹೇಳುತ್ತಿದ್ದ ಮಾತು.

ಸಂಜೆ ಸೀನಪ್ಪನನ್ನು ಕೇಳಲು ಹೋದೆ. ಅವನದು ಒಂದು ಗೂಡ್ಸ್ ಟೆಂಪೋ. ಸುತ್ತಲಿನ ಹಳ್ಳಿಗಳಿಂದ ಕೋಲಾರದ ಮಾರ್ಕೆಟ್ಟಿಗೆ ಟೊಮೆಟೊ ಕ್ರೇಟು ಹೊಡೆಯುತ್ತಾನೆ. ಮಗಳೆಂದರೆ ಪ್ರಾಣ. ಹಾಗಾಗಿಯೇ ಹಟ.

"ಭಾಗ್ಯಕ್ಕ, ಅವ್ಳು ಓದ್ಲಿ ಅಂತ ನಂಗೂ ಆಸೆ ಇಲ್ವಾ? ದಿನಾ ಆ ರೋಡಲ್ಲಿ ಗಾಡಿ ಓಡ್ಸೋನು ನಾನು. ಅಲ್ಲಿ ಹೆಂಗ್ ಬರ್ತಾವೆ ಲಾರಿಗಳು ಅಂತ ನಂಗೊತ್ತು. ಬಸ್ಸು ಇಲ್ಲಿ ನಿಂತ್ರೆ ಓದ್ಲಿ. ನಿಲ್ದಿದ್ರೆ ವ್ಯಾನು. ರಜಾ ಮುಗಿಯೋವರ್ಗೂ ಟೈಮು. ಆಮೇಲೆ ನೀವು ಬಾಯಿ ತೆಗೀಬಾರ್ದು."

ಪ್ರತಿನಿಧಿ ಎಂದು ಚಪ್ಪಾಳೆ ಹೊಡೆಸಿಕೊಂಡ ಮೇಲೆ ಬಾಯಿ ತೆಗೆಯದೆ ಇರುವುದು ಹೇಗೆ? ಮಾರನೆಯ ದಿನವೇ ಎಲ್ಲರ ಸಹಿ ಹಾಕಿಸಿದ ಅರ್ಜಿ ಹಿಡಿದುಕೊಂಡು ಬಸ್ಸಿನವರ ಆಫೀಸಿಗೆ ಹೋದೆ. ಅಲ್ಲಿದ್ದ ಸಾಹೇಬರು ಒಳ್ಳೆಯವರು, ಕೂರಿಸಿ ಮಾತಾಡಿದರು.

"ಕೊಡಬಾರ್ದು ಅಂತೇನಿಲ್ಲಮ್ಮ. ಆದ್ರೆ ಅಲ್ಲಿ ಜನ ಹತ್ತುತ್ತಾರೆ ಅಂತ ನಮ್ಗೆ ಗೊತ್ತಾಗ್ಬೇಕಲ್ವಾ? ಡ್ರೈವರು ನಿಲ್ಸಿ ನಿಲ್ಸಿ ಯಾರೂ ಹತ್ಲಿಲ್ಲ ಅಂದ್ರೆ?"

"ನಿಲ್ಲಿಸಿದ್ರೆ ತಾನೇ ಸಾರ್ ಹತ್ತೋದು?"

"ಹತ್ತಿದ್ರೆ ತಾನೇ ಅಮ್ಮ ನಿಲ್ಸೋದು?"

ಇಬ್ಬರೂ ನಕ್ಕೆವು. ಅವರು ಅರ್ಜಿ ತೆಗೆದಿಟ್ಟುಕೊಂಡರು. ನಾನು ಹೊರಗೆ ಬಂದು ಕಬ್ಬಿನ ಹಾಲು ಕುಡಿದು ಮನೆಗೆ ಬಂದೆ. ಕೆಲಸ ಮಾತ್ರ ಒಂದು ಹೆಜ್ಜೆಯೂ ಮುಂದೆ ಹೋಗಿರಲಿಲ್ಲ.

ಆಮೇಲೆ ದಿನಾ ಬೆಳಿಗ್ಗೆ ಲಾವಣ್ಯಳ ಜೊತೆ ಹೈವೇ ಪಕ್ಕದಲ್ಲಿ ನಿಂತು ಕೈ ಅಡ್ಡ ಹಿಡಿದು ನೋಡಿದೆ. ಕೆಲವು ಡ್ರೈವರುಗಳು ಕೈ ಆಡಿಸಿ ನಕ್ಕು ಹೋದರು, ಕೆಲವರು ನೋಡಲೇ ಇಲ್ಲ. ಅವರನ್ನು ಬೈದು ಪ್ರಯೋಜನವಿಲ್ಲ, ನಿಲ್ದಾಣವಲ್ಲದ ಕಡೆ ಅವರು ನಿಲ್ಲಿಸುವ ಹಾಗಿಲ್ಲ. ಹುಡುಗಿ ಮಾತ್ರ ದಿನದಿಂದ ದಿನಕ್ಕೆ ಸಪ್ಪಗಾಗುತ್ತಿದ್ದಳು. ರಜೆಯೂ ಶುರುವಾಯಿತು.

ಉಪಾಯ ಹೇಳಿದವರು ನಮ್ಮ ಅತ್ತೆ ಮುನಿಯಮ್ಮ. ಬಾಗಿಲಲ್ಲಿ ಕೂತು ಹೂ ಕಟ್ಟುತ್ತಾ, ತಲೆಯನ್ನೂ ಎತ್ತದೆ, "ನೀವು ಕೈ ಅಡ್ಡ ಹಿಡಿದ್ರೆ ಯಾರೇ ನಿಲ್ಲಿಸ್ತಾರೆ? ಆರತಿ ತಟ್ಟೆ ಅಡ್ಡ ಹಿಡೀರಿ. ಆಯುಧಪೂಜೆ ದಿನ ಗಾಡಿಗೆ ಪೂಜೆ ಮಾಡ್ತೀವಿ ಅಂತ ಹೆಂಗಸ್ರು ನಿಂತ್ರೆ, ದಾಟಿ ಹೋಗೋ ಡ್ರೈವರು ಇನ್ನೂ ಹುಟ್ಟಿಲ್ಲ" ಎಂದರು.

ಹೌದಲ್ಲ! ಸ್ಟೇರಿಂಗ್ ಹಿಡಿಯುವವರಿಗೆ ಅದೇ ತಾನೇ ದೊಡ್ಡ ಹಬ್ಬ? ಒಮ್ಮೆ ನಿಂತರೆ ಸಾಕು, ಕೈಗೆ ಚಿತ್ರಾನ್ನ ಕೊಟ್ಟು, ಹುಡುಗಿಯನ್ನು ಮುಂದೆ ನಿಲ್ಲಿಸಿ ವಿಷಯ ಹೇಳಿಬಿಡಬಹುದು.

ಬೀದಿಯ ಹೆಂಗಸರಿಗೆ ಹೇಳಿದ್ದೇ ತಡ, ಮದುವೆ ಮನೆಯಂತೆ ಸಂಭ್ರಮ ಶುರುವಾಯಿತು. ಒಬ್ಬರು ಚೆಂಡುಹೂವಿನ ಹಾರ, ಒಬ್ಬರು ಬಾಳೆಕಂದು, ಒಬ್ಬರು ಕಡಲೆಪುರಿ. ನಮ್ಮ ಮನೆಯಲ್ಲಿ ಚಿತ್ರಾನ್ನ. ಬೂದುಗುಂಬಳಕಾಯಿಗೆ ಆ ವಾರ ಬಲು ಗಿರಾಕಿ, ಹೇಗೋ ಒಂದು ಸಂಪಾದಿಸಿದೆವು. ಹಬ್ಬದ ದಿನ ಬೆಳಿಗ್ಗೆ ರೇಷ್ಮೆ ಸೀರೆ ಉಟ್ಟುಕೊಂಡು, ಊರೊಳಗಿನಿಂದ ಬರುವ ಸರ್ವೀಸ್ ರಸ್ತೆ ಹೈವೇಗೆ ಸೇರುವ ಕಡೆ ಎಲ್ಲರೂ ಸಾಲಾಗಿ ನಿಂತೆವು. ಬೀದಿಯ ತುದಿಯಲ್ಲಿ ಸೀನಪ್ಪ ತನ್ನ ಟೆಂಪೋ ತೊಳೆದು, ವಿಭೂತಿಯ ಪಟ್ಟೆ ಬಳಿದು, ಹೂ ಹಾಕುತ್ತಿದ್ದ. ನಮ್ಮನ್ನು ನೋಡಿ ತಲೆಯಾಡಿಸಿದ, ಹತ್ತಿರ ಮಾತ್ರ ಬರಲಿಲ್ಲ.

ನಾವು ಒಂದು ವಿಷಯವನ್ನು ಯೋಚಿಸಿಯೇ ಇರಲಿಲ್ಲ. ಆ ದಿನ ಎಲ್ಲ ಬಸ್ಸುಗಳೂ ಮದುಮಗನ ಹಾಗೆ ಸಿಂಗರಿಸಿಕೊಂಡಿರುತ್ತವೆ. ಬಾಳೆಕಂದು, ಮಾವಿನಸೊಪ್ಪು, ಹೂವಿನ ಹಾರಗಳ ನಡುವೆ ಬೋರ್ಡೂ ಕಾಣುವುದಿಲ್ಲ, ಬಣ್ಣವೂ ಕಾಣುವುದಿಲ್ಲ. ನಮ್ಮ ಕೋಲಾರದ ಬಸ್ಸು ಬರುವ ಹೊತ್ತಿಗೆ ಸರಿಯಾಗಿ ಒಂದು ಬಸ್ಸು ತಿರುವಿನಲ್ಲಿ ಕಾಣಿಸಿತು. "ಬಂತು, ಬಂತು!" ಎಂದು ಯಾರೋ ಕೂಗಿದರು. ನಾನು ಆರತಿ ತಟ್ಟೆ ಎತ್ತಿದೆ. ಬಸ್ಸು ನಿಧಾನವಾಯಿತು, ನಿಂತೇಬಿಟ್ಟಿತು!

ಡ್ರೈವರು ಏನು ಎತ್ತ ಎಂದು ಕೇಳುವ ಮೊದಲೇ ನಾವು ಪೂಜೆ ಶುರುಮಾಡಿಬಿಟ್ಟೆವು. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಾಯಿತು. ಇದ್ದ ಹಾರಗಳ ಮೇಲೆ ಇನ್ನೊಂದು ಹಾರ ಬಿತ್ತು. ಕುಂಬಳಕಾಯಿಗೆ ಕುಂಕುಮ ತುಂಬಿ ಕರ್ಪೂರ ಹಚ್ಚಿ, ದೃಷ್ಟಿ ತೆಗೆದು, ನನ್ನ ಯಜಮಾನರು ದಢಾರೆಂದು ಒಡೆದರು. ಅದರ ಮೇಲೆ ಬೈಕಿನವರು ಜಾರಬಾರದೆಂದು ನಾನೇ ಹೋಳುಗಳನ್ನು ಬದಿಗೆ ತಳ್ಳಿದೆ. ಡ್ರೈವರು ಕೆಳಗಿಳಿದು ಬಂದು ಕಣ್ಣರಳಿಸಿ ನಿಂತಿದ್ದರು. ದೊಡ್ಡ ಮೀಸೆ, ಹಣೆಯ ತುಂಬ ವಿಭೂತಿ.

"ಏಮ್ಮಾ, ಏಮಯಿಂದಿ? ಎಂದುಕು ಆಪಾರು?" ಎಂದರು. ಏನಾಯಿತು, ಯಾಕೆ ನಿಲ್ಲಿಸಿದಿರಿ ಎಂದು.

ಅವರು ತೆಲುಗಿನಲ್ಲಿ ಕೇಳಿದ್ದು ನಮಗೆ ವಿಚಿತ್ರವೆನಿಸಲಿಲ್ಲ, ಮನೆಯ ಮಾತೇ ಅಲ್ಲವೇ. ಅತ್ತೆಯೂ ತೆಲುಗಿನಲ್ಲೇ ವಿಷಯವನ್ನೆಲ್ಲ ಒಪ್ಪಿಸಿದರು. ಓದುವ ಹುಡುಗಿ, ದಿನಾ ಇಲ್ಲಿ ನಿಲ್ಲಿಸಬೇಕು, ನಿನಗೆ ಪುಣ್ಯ ಬರುತ್ತದೆ ನಾಯನಾ ಎಂದು. ಅವರು ಮೀಸೆಯ ಮೇಲೆ ಕೈಯಿಟ್ಟುಕೊಂಡು ನಕ್ಕು, "ಅಮ್ಮಾ, ಇದಿ ಚಿತ್ತೂರು ಬಂಡಿ! ಬೆಂಗಳೂರುಕಿ ಪೋತುಂದಿ!" ಎಂದರು. ಇದು ಚಿತ್ತೂರಿನ ಗಾಡಿ, ಬೆಂಗಳೂರಿಗೆ ಹೋಗುತ್ತದೆ ಎಂದು.

ಆಂಧ್ರದ ಬಸ್ಸು! ದಿನಾ ನಮ್ಮ ಮುಂದೆ ಗಾಳಿಯ ಹಾಗೆ ಹೋಗುವ, ಕೋಲಾರ ಬಿಟ್ಟರೆ ಬೆಂಗಳೂರಿನಲ್ಲೇ ನಿಲ್ಲುವ ಬಸ್ಸು! ನನ್ನ ಕೈಯಲ್ಲಿ ಆರತಿ ತಟ್ಟೆ ಹಾಗೆಯೇ ನಿಂತಿತು. ಕುಂಬಳಕಾಯಿ ಹೋಯಿತು, ತೆಂಗಿನಕಾಯಿ ಹೋಯಿತು. ಕಿಟಕಿಗಳಿಂದ ಕೈ ಚಾಚಿದ ಪ್ರಯಾಣಿಕರ ಪಾಲಿಗೆ ಚಿತ್ರಾನ್ನವೂ ಅರ್ಧ ಹೋಗಿತ್ತು. ಲಾವಣ್ಯ ಬಾಯಿಗೆ ಸೆರಗು ಅಡ್ಡ ಹಿಡಿದಿದ್ದಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ. ನನಗಂತೂ ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಅಷ್ಟರಲ್ಲಿ ಹಿಂದಿನಿಂದ ಹಾರ್ನು ಕೇಳಿಸತೊಡಗಿತು. ಒಂದೇ ಸಮನೆ. ಸರ್ವೀಸ್ ರಸ್ತೆ ಕಿರಿದು, ಮುಂದಿನ ಬಸ್ಸು ನಿಂತರೆ ಹಿಂದಿನದಕ್ಕೆ ದಾರಿಯಿಲ್ಲ. ಹಿಂದೆ ಬಂದು ಸಿಕ್ಕಿಕೊಂಡದ್ದು ನಮ್ಮ ಕೋಲಾರದ ಬಸ್ಸೇ! ಅದರ ಡ್ರೈವರು ಧಡಧಡನೆ ಇಳಿದು ಬಂದರು.

"ಏನ್ರೀ ಇದು, ರೋಡಿಗೆ ಅಡ್ಡ ನಿಂತ್ಕೊಂಡು?" ಎಂದು ಕೂಗಿದವರು, ಒಡೆದ ಕುಂಬಳಕಾಯಿ ನೋಡಿದರು, ಹಾರ ನೋಡಿದರು, ನಮ್ಮ ರೇಷ್ಮೆ ಸೀರೆಗಳನ್ನು ನೋಡಿದರು. ದನಿಯೇ ಬೇರೆಯಾಯಿತು. "ಓಹೋ! ಅವ್ರ ಬಸ್ಸಿಗೆ ಇಷ್ಟೆಲ್ಲ ಪೂಜೆ. ದಿನಾ ನಿಮ್ಮನ್ನ ಹೊತ್ಕೊಂಡ್ ತಿರ್ಗೋ ನಮ್ ಬಸ್ಸಿಗೆ ಏನೂ ಇಲ್ಲ!"

"ನೀವು ಯಾವತ್ತು ಸಾರ್ ನಮ್ಮನ್ನ ಹೊತ್ಕೊಂಡಿರೋದು? ನಿಲ್ಸಿದ್ರೆ ತಾನೇ?" ಎಂದು ನನ್ನ ಗಟ್ಟಿ ಗಂಟಲು ತಾನೇ ಮಾತಾಡಿಬಿಟ್ಟಿತು.

ಚಿತ್ತೂರಿನ ಡ್ರೈವರು ನಮ್ಮ ಕಡೆಯ ವಕೀಲರಾಗಿಬಿಟ್ಟರು. ಒಂದು ಕೈಯಲ್ಲಿ ಚಿತ್ರಾನ್ನದ ಎಲೆ ಹಿಡಿದುಕೊಂಡು, "ಚದುವುಕುನೇ ಪಿಲ್ಲ ಅಯ್ಯಾ! ಆಪಿತೇ ನೀ ಸೊಮ್ಮೇಂ ಪೋತುಂದಿ?" ಎಂದು ದಬಾಯಿಸಿದರು. ಓದುವ ಮಗು, ನಿಲ್ಲಿಸಿದರೆ ನಿನ್ನ ಗಂಟೇನು ಹೋಗುತ್ತದೆ ಎಂದು. ಕಿಟಕಿಗಳಿಂದ ಪ್ರಯಾಣಿಕರೂ ದನಿಗೂಡಿಸಿದರು. ನಮ್ಮ ಡ್ರೈವರು ಮೆತ್ತಗಾದರೂ ಬಿಂಕ ಬಿಡಲಿಲ್ಲ.

"ಅದೆಲ್ಲ ಸರಿ. ಮೊದ್ಲು ನಮ್ ಗಾಡಿಗೂ ಪೂಜೆ ಆಗ್ಲಿ. ಡಿಪೋದಲ್ಲಿ ಆಗಿರೋದು ಆಫೀಸಿನ ಪೂಜೆ. ಜನ ಮಾಡೋದು ಬೇರೆ."

ಪೂಜೆ ಮಾಡಲು ಕುಂಬಳಕಾಯಿ ಎಲ್ಲಿತ್ತು? ಹೆಂಗಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅಂಗಡಿಗೆ ಹೋಗಿ ಬರುವ ತನಕ ಬಸ್ಸು ಕಾಯುವುದೇ? ಇಷ್ಟು ಹತ್ತಿರ ಬಂದು ತಪ್ಪಿಹೋಯಿತಲ್ಲ ಎನಿಸಿತು.

"ಸ್ವಲ್ಪ ದಾರಿ ಬಿಡಿ" ಎಂಬ ದನಿ ಕೇಳಿಸಿತು. ತಿರುಗಿದರೆ ಸೀನಪ್ಪ. ಎರಡೂ ಕೈಯಲ್ಲಿ, ತನ್ನ ಟೆಂಪೋಗೆಂದು ತಂದಿಟ್ಟುಕೊಂಡಿದ್ದ ಕುಂಬಳಕಾಯಿ. ವರ್ಷಕ್ಕೊಮ್ಮೆ ಆ ಪೂಜೆಯಾಗದೆ ಅವನು ಗಾಡಿ ತೆಗೆಯುವವನಲ್ಲ. ಅದು ಅವನಿಗೆ ಅನ್ನ ಕೊಡುವ ಗಾಡಿ.

"ನಿನ್ ಗಾಡಿಗೆ ಏನೋ ಮಾಡ್ತೀಯ ಸೀನ?" ಎಂದು ಅತ್ತೆ ಕೇಳಿದರು.

"ನನ್ ಗಾಡಿಗೆ ನಿಂಬೆಹಣ್ಣು ಸಾಕು ಬಿಡಮ್ಮ" ಎಂದ. ಬಸ್ಸಿನ ಮುಂದೆ ನಿಂತು ಮೂರು ಸುತ್ತು ಇಳಿ ತೆಗೆದ. ಅವನ ತುಟಿ ಏನೋ ಬೇಡಿಕೊಳ್ಳುತ್ತಿತ್ತು. ಆಮೇಲೆ ಇದ್ದ ಶಕ್ತಿಯನ್ನೆಲ್ಲ ಕೂಡಿಸಿ ಕಾಯಿ ಒಡೆದ. ಮಗಳ ಕಡೆ ತಿರುಗಲಿಲ್ಲ. ಅವಳು ಮಾತ್ರ ಅಪ್ಪನನ್ನೇ ನೋಡುತ್ತಿದ್ದಳು.

ನಮ್ಮ ಡ್ರೈವರಿಗೂ ಅರ್ಥವಾಗಿರಬೇಕು. ಆರತಿಗೆ ಕೈಯೊಡ್ಡಿ ಕಣ್ಣಿಗೊತ್ತಿಕೊಂಡು, "ರಜಾ ಮುಗಿದ ಮೇಲೆ ಬೆಳಿಗ್ಗೆ, ಸಂಜೆ ಎರಡ್ ಹೊತ್ತೂ ನಿಲ್ಲಿಸ್ತೀನಮ್ಮ. ಆದ್ರೆ ದಿನಾ ಜನ ಹತ್ಬೇಕು. ಖಾಲಿ ನಿಲ್ಲಿಸಿದ್ರೆ ನನ್ ಕುತ್ತಿಗೆಗೆ ಬರುತ್ತೆ" ಎಂದರು. "ಹತ್ತೀವಿ!" ಎಂದು ಎಲ್ಲರೂ ಒಟ್ಟಿಗೆ ಕೂಗಿದೆವು. ಎರಡೂ ಬಸ್ಸುಗಳು ಹಾರ್ನು ಹೊಡೆದುಕೊಂಡು ಹೊರಟವು. ಚಿತ್ತೂರಿನವರು ಹೋಗುವಾಗ ಲಾವಣ್ಯಳ ತಲೆಯ ಮೇಲೆ ಕೈಯಿಟ್ಟು ಹರಸಿದರು.

ಕಾಲೇಜು ತೆರೆದ ಸೋಮವಾರ ನಾನು ತಿಂಡಿಯನ್ನೂ ಬಿಟ್ಟು ಹೊರಟೆ. ರಸ್ತೆಗೆ ಹೋದಾಗ ಫ್ಯಾಕ್ಟರಿ ವ್ಯಾನು ಆಗಲೇ ಬಂದು ನಿಂತಿತ್ತು. ಸೀನಪ್ಪ ಮೊದಲೇ ಹೇಳಿಟ್ಟಿದ್ದನಲ್ಲ, ವ್ಯಾನಿನವನು ಬಾಗಿಲು ತೆರೆದುಕೊಂಡು "ಏನಣ್ಣ, ಬರ್ತಾಳಾ?" ಎನ್ನುತ್ತಿದ್ದ. ಸೀನಪ್ಪ "ಇರಪ್ಪ, ಇರು" ಎನ್ನುತ್ತಿದ್ದ. ಕೊಟ್ಟ ಮಾತಿನಂತೆ ನಾನು, ಅತ್ತೆ, ಇನ್ನಿಬ್ಬರು ಹೆಂಗಸರು ಆಧಾರ್ ಕಾರ್ಡು ಹಿಡಿದುಕೊಂಡು ಕೋಲಾರಕ್ಕೆ ಹೊರಟು ನಿಂತಿದ್ದೆವು. ಹೆಂಗಸರಿಗೆ ಟಿಕೆಟ್ಟಿಲ್ಲ, ಕೋಲಾರದಲ್ಲಿ ಕೆಲಸಕ್ಕೇನು ಬರವೇ?

ಬಸ್ಸು ಬಂತು. ಸ್ಟೇರಿಂಗ್ ಹಿಂದೆ ಕೂತವರು ಅವರಲ್ಲ! ಯಾರೋ ಹೊಸಬರು. ನಾವು ಕೈ ಎತ್ತಿದೆವು. ಬಸ್ಸು ನಮ್ಮನ್ನು ದಾಟಿ ಹೋಯಿತು.

ಲಾವಣ್ಯಳ ಮುಖ ನೋಡಲಾಗಲಿಲ್ಲ. ವ್ಯಾನಿನವನು ಹಾರ್ನು ಹೊಡೆದ. ಸೀನಪ್ಪ ತಲೆ ತಗ್ಗಿಸಿದ. ಅಷ್ಟರಲ್ಲಿ ಕಿರ್ರೆಂದು ಬ್ರೇಕಿನ ಸದ್ದು. ಅಷ್ಟು ದೂರ ಹೋಗಿ ಬಸ್ಸು ನಿಂತಿತ್ತು! ಕಂಡಕ್ಟರು ಬಾಗಿಲಲ್ಲಿ ಜೋತುಬಿದ್ದು ಕೂಗುತ್ತಿದ್ದರು. "ಓದೋ ಹುಡ್ಗಿ ಎಲ್ರಮ್ಮ? ಬೇಗ ಬನ್ನಿ! ಅವ್ಳನ್ನ ಹತ್ತಿಸ್ಕೊಳ್ದೆ ವಾಪಸ್ ಬರ್ಬೇಡಿ ಅಂದವ್ರೆ, ಹಬ್ಬದ ದಿನ ಮಾತು ಕೊಟ್ಟ ನಮ್ ಡ್ರೈವರಣ್ಣ!"

ನಾವು ಓಡಿದ ಓಟ ನೋಡಬೇಕಿತ್ತು. ಅತ್ತೆ ಸೀರೆ ಎತ್ತಿ ಕಟ್ಟಿಕೊಂಡು ನನಗಿಂತ ಮುಂದೆ ಇದ್ದರು. ಹತ್ತಿ ಕಿಟಕಿಯಿಂದ ಹಿಂದೆ ನೋಡಿದೆ. ಸೀನಪ್ಪ ವ್ಯಾನಿನ ಬಾಗಿಲನ್ನು ತಾನೇ ಎಳೆದು ಮುಚ್ಚುತ್ತಿದ್ದ. ಅವನು ಕೂಗಿ ಹೇಳಿದ್ದು ಅಷ್ಟು ದೂರದಲ್ಲಿದ್ದ ನಮಗೂ ಕೇಳಿಸಿತು.

"ನೀನು ಹೋಗಪ್ಪ. ನಮ್ ಹುಡ್ಗಿ ಕಾಲೇಜಿಗೆ ಹೋದ್ಲು."

ಅಂದಿನಿಂದ ಸರದಿಯ ಮೇಲೆ ಬೀದಿಯ ಯಾರಾದರೊಬ್ಬರು ಲಾವಣ್ಯಳ ಜೊತೆ ಬಸ್ಸು ಹತ್ತುತ್ತಿದ್ದೆವು. ಹೊಲಿಗೆಯ ದಾರಕ್ಕೆ ನಾನು, ದೇವಸ್ಥಾನಕ್ಕೆ ಅತ್ತೆ. ಏನೂ ಕೆಲಸವಿಲ್ಲದವರು ಸುಮ್ಮನೆ ಕೋಲಾರ ನೋಡಿಕೊಂಡು ಬಂದರು. ಸಂಕ್ರಾಂತಿಯ ಹೊತ್ತಿಗೆ ಅಲ್ಲಿ ನಿಲ್ಲಿಸಬೇಕೆಂಬ ಆದೇಶವೂ ಬಂತು. ಈಗ ಇನ್ನೂ ಕೆಲವು ಹುಡುಗಿಯರು ಅಲ್ಲಿ ಹತ್ತುತ್ತಾರೆ, ಸಂಜೆ ಬೆಳಕಿರುವಾಗಲೇ ಬಂದು ಇಳಿಯುತ್ತಾರೆ. ನಾವು ಜೊತೆಗೆ ಹೋಗುವ ಅಗತ್ಯವಿಲ್ಲ.

ಆದರೂ ಕೆಲವು ದಿನ ಬೆಳಿಗ್ಗೆ ಕೆಲಸ ಬಿಟ್ಟು ರಸ್ತೆಯ ತನಕ ಹೋಗಿ ನಿಲ್ಲುತ್ತೇನೆ. ಬಸ್ಸು ನಿಧಾನವಾಗಿ ಬದಿಗೆ ಸರಿದು ನಿಲ್ಲುವಾಗ ನನ್ನ ಎದೆ ತುಂಬಿ ಬರುತ್ತದೆ. ಅಷ್ಟು ಜನರನ್ನು ಹೊತ್ತ ಅಷ್ಟು ದೊಡ್ಡ ಗಾಡಿ, ನಮ್ಮ ಬೀದಿಯ ಮಕ್ಕಳಿಗಾಗಿ ನಿಂತು, ಅವರು ಹತ್ತಿ ಕೂರುವ ತನಕ ಕಾಯುತ್ತದೆ.